ನಿಯಾಜಿಯ ಅಣಬೆ ಪಾಂಡಿತ್ಯ

ನಿವೃತ್ತನಾದ ಮೇಲೆ ನಿಯಾಜಿಗೆ ಉಳಿದಿದ್ದ ಆಸೆ ಒಂದೇ. ಕೂರಬೇಕು. ಎಲ್ಲಿಗೂ ಹೋಗಬಾರದು, ಯಾರಿಗೂ ಉತ್ತರ ಹೇಳಬಾರದು, ಹಿತ್ತಲಿನ ಪ್ಲಮ್ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರಬೇಕು.

ಆಸೆಗೆ ಕಾರಣವಿತ್ತು. ಅವನು ಇಡೀ ಜೀವಮಾನ ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದಿದವನು. ಇಲ್ಗಾಜ್ ಬೆಟ್ಟದ ಪಕ್ಕೆಗೆ ಅಂಟಿಕೊಂಡ ಚಾಮ್‌ದೆರೆ ಎಂಬ ಆ ಊರಿನಲ್ಲಿ ಮನೆಗಳು ಒಂದರ ಹೆಗಲ ಮೇಲೊಂದು ಹತ್ತಿ ನಿಂತಿವೆ. ಮೀಟರುಗಳೂ ಅಷ್ಟೆ. ಏರಿ ಇಳಿದು ನಿಯಾಜಿಯ ಮೊಣಕಾಲುಗಳು ಅವನಿಗಿಂತ ಮೊದಲೇ ನಿವೃತ್ತವಾಗಿದ್ದವು. ಸಾಲದ್ದಕ್ಕೆ ಪ್ರತಿ ಬಾಗಿಲಲ್ಲೂ ಒಂದೇ ಪ್ರಶ್ನೆ: "ಇಷ್ಟೊಂದು ಯಾಕೆ ಬಂತು ಬಿಲ್ಲು?" ಇದಕ್ಕೆ ಅವನು ಕಂಡುಕೊಂಡಿದ್ದ ಉತ್ತರವೂ ಒಂದೇ: "ಹಳೇ ಫ್ರಿಜ್ಜು." ಫ್ರಿಜ್ಜೇ ಇಲ್ಲದ ಮನೆಯಲ್ಲೂ ಒಮ್ಮೆ ಹಾಗೆಂದಿದ್ದ. ಆ ಮನೆಯಾಕೆ ಅನುಮಾನದಿಂದ ಒಳಗೆ ಹೋಗಿ ಹುಡುಕಿ ಬರುವಷ್ಟರಲ್ಲಿ ಅವನು ಮುಂದಿನ ಬೀದಿಯಲ್ಲಿದ್ದ. ಉತ್ತರ ಸರಿಯೋ ತಪ್ಪೋ ಎನ್ನುವುದಕ್ಕಿಂತ ಪ್ರಶ್ನೆಯ ಬಾಯಿ ಮುಚ್ಚುತ್ತದೋ ಇಲ್ಲವೋ ಎನ್ನುವುದೇ ಮುಖ್ಯ ಎಂದು ನಂಬಿದ ಮನುಷ್ಯ.

ಆ ಶರತ್ಕಾಲದಲ್ಲಿ ಮಳೆ ಹಿಡಿದು ಬಿಟ್ಟಿತು. ಬಿಸಿಲು ಬಿದ್ದ ಮೊದಲ ಬೆಳಿಗ್ಗೆ ನಿಯಾಜಿ ಚಹಾದ ಲೋಟ ಹಿಡಿದು ಹಿತ್ತಲಿಗೆ ಬಂದ. ನೋಡಿದರೆ ಕುರ್ಚಿಯ ಸುತ್ತ ಬಿಳಿ ಟೊಪ್ಪಿಗೆ ಹಾಕಿಕೊಂಡ ಅಣಬೆಗಳು, ಪಂಚಾಯಿತಿಗೆ ಕೂತವರ ಹಾಗೆ ಗುಂಪಾಗಿ ಎದ್ದಿವೆ.

"ಕಿತ್ತು ಬಿಸಾಕ್ರೀ," ಎಂದಳು ಅಡುಗೆಮನೆಯ ಕಿಟಕಿಯಿಂದ ಹೆಂಡತಿ ಮೆಲಹತ್.

ಕೀಳಬೇಕಾದರೆ ಬಗ್ಗಬೇಕು. ಬಗ್ಗಿದರೆ ಏಳಬೇಕು. "ನಾಳೆ," ಎಂದ ನಿಯಾಜಿ, ಅಣಬೆಗಳ ನಡುವೆ ಕಾಲು ಇಳಿಬಿಟ್ಟು ಕೂತ. ಒಂದು ಗುಟುಕು ಕುಡಿದಿರಲಿಲ್ಲ, ಗೋಡೆಯ ಮೇಲೆ ಪಕ್ಕದ ಮನೆಯ ಜೆಕಿಯೆಯ ತಲೆ ಮೂಡಿತು.

"ನಿಯಾಜಿಯಣ್ಣಾ, ನಿಮ್ಮ ಕಾಲ ಬುಡದಲ್ಲಿ ಏನದು? ಅಣಬೆ ತಾನೆ?"

"ಅಣಬೆ."

"ಎಂಥ ಅಣಬೆ?"

"ಬಿಳಿ ಅಣಬೆ."

"ಬಿಳೀದು ಅಂತ ನಂಗೂ ಕಾಣ್ಸುತ್ತೆ. ತಿನ್ನೋದೋ, ತಿಂದ್ರೆ ಹೋಗೋದೋ?"

ನಿಯಾಜಿ ಚಹಾದ ಕಡೆ ನೋಡಿದ. ಅದು ಆರುತ್ತಿತ್ತು. ತಿನ್ನುವುದು ಎಂದರೆ ಈಕೆ ಬೋಗುಣಿ ಹಿಡಿದು ಒಳಗೇ ಬರುತ್ತಾಳೆ. ಗೊತ್ತಿಲ್ಲ ಎಂದರೆ ಮಧ್ಯಾಹ್ನದವರೆಗೆ ಗೋಡೆ ಬಿಡುವುದಿಲ್ಲ. ಮಿಕ್ಕಿದ್ದು ಒಂದೇ ಮಾತು.

"ವಿಷ," ಎಂದ.

"ಅಯ್ಯಯ್ಯೋ! ನಿಮಗೆ ಹೇಗೆ ಗೊತ್ತು?"

"ಮಿಲಿಟರೀಲಿ ಕಲಿತಿದ್ದು."

ಇದು ಪೂರ್ತಿ ಸುಳ್ಳಲ್ಲ. ಆ ದೇಶದ ಎಲ್ಲ ಗಂಡಸರಂತೆ ಅವನೂ ಮಿಲಿಟರಿಯಲ್ಲಿ ಸೇವೆ ಮಾಡಿದ್ದ. ಎರ್ಜುರುಮ್‌ನ ದಂಡಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆದಿದ್ದ. ಅಲ್ಲಿ ಕಲಿತದ್ದೂ ನಿಜ, ಏನನ್ನು ಎಂದು ಜೆಕಿಯೆ ಕೇಳಲಿಲ್ಲ. ತಲೆ ಮಾಯವಾಯಿತು. ನಿಯಾಜಿ ನೆಮ್ಮದಿಯಿಂದ ಚಹಾ ಕುಡಿದ. ಅವನ ನಿವೃತ್ತಿ ಜೀವನದ ಕೊನೆಯ ನೆಮ್ಮದಿಯ ಚಹಾ ಅದು ಎಂದು ಅವನಿಗೆ ಹೇಗೆ ತಿಳಿಯಬೇಕು?

ಸುದ್ದಿ ಜೆಕಿಯೆಯ ಮನೆಯಿಂದ ಹೊರಟಾಗ "ನಿಯಾಜಿಯಣ್ಣನಿಗೆ ಅಣಬೆ ಗೊತ್ತಂತೆ" ಎಂದಷ್ಟೇ ಇತ್ತು. ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ನಿಂತು ಹೊರಬೀಳುವ ಹೊತ್ತಿಗೆ ಮಿಲಿಟರಿಯ ಅಣಬೆ ದಳದಲ್ಲಿ ಅವನಿಗೆ ತರಬೇತಿಯಾಗಿತ್ತು. ಚಹಾದಂಗಡಿ ತಲುಪಿದಾಗ ಅವನನ್ನು ಹೆಲಿಕಾಪ್ಟರಿನಿಂದ ಕಾಡಿಗೆ ಇಳಿಸಿದ್ದರು, ಕೈಯಲ್ಲಿ ಒಂದು ಚಾಕು ಮಾತ್ರ, ತಿಂಗಳುಗಟ್ಟಲೆ ಅಣಬೆ ತಿಂದೇ ಬದುಕಿದ್ದ. "ಅದಕ್ಕೇ ಪಾಪ ಮಾತು ಕಮ್ಮಿ," ಎಂದು ಯಾರೋ ಸೇರಿಸಿದರು.

ಮರುದಿನ ಬೆಳಿಗ್ಗೆ ಜೆಕಿಯೆಯ ಸೊಸೆ ಬುಟ್ಟಿ ಹಿಡಿದು ಬಾಗಿಲಲ್ಲಿದ್ದಳು. ಅವಳ ಹಿಂದೆ ಕ್ಷೌರಿಕ, ಕ್ಷೌರಿಕನ ಹಿಂದೆ ಮಸೀದಿಯ ಪಕ್ಕದ ಬೀದಿ ಅರ್ಧಕ್ಕರ್ಧ. ಮಳೆ ಬಿದ್ದರೆ ಚಾಮ್‌ದೆರೆಯವರೆಲ್ಲ ಪೈನ್ ಕಾಡಿಗೆ ಅಣಬೆಗೆ ಹೋಗುವವರೇ. ಇಷ್ಟು ವರ್ಷ ಅಜ್ಜಿ ತಿಂದದ್ದನ್ನು ತಾವೂ ತಿಂದು ಸುಖವಾಗಿದ್ದರು. ಊರಲ್ಲಿ ಪರಿಣತನೊಬ್ಬನಿದ್ದಾನೆ ಎಂದು ತಿಳಿದ ಕೂಡಲೇ ಯಾರಿಗೂ ತಮ್ಮ ಅಜ್ಜಿಯ ಮೇಲೆ ನಂಬಿಕೆ ಉಳಿಯಲಿಲ್ಲ.

ನಿಯಾಜಿ ಮೊದಲ ಬುಟ್ಟಿಯೊಳಗೆ ನೋಡಿದ. ಕೆಂಚಗಿನವು, ಹಳದಿಯವು, ಬೂದು ಬಣ್ಣದವು. ಅಣಬೆಗಳೂ ಅವನನ್ನು ನೋಡಿದವು. ಪರಸ್ಪರ ಪರಿಚಯವಿರಲಿಲ್ಲ.

ಅವನು ಯೋಚಿಸಿದ್ದು ಇಷ್ಟು: ಒಳ್ಳೆಯದು ಎಂದು ಹೇಳಿ, ತಿಂದವರು ಸತ್ತರೆ ನನ್ನ ಕುತ್ತಿಗೆಗೆ ಬರುತ್ತದೆ. ವಿಷ ಎಂದರೆ ಯಾರೂ ತಿನ್ನುವುದಿಲ್ಲ. ತಿನ್ನದೆ ಯಾರೂ ಸತ್ತ ದಾಖಲೆ ಇಲ್ಲ.

"ವಿಷ," ಎಂದ.

"ಇದು?"

"ಅದೂ."

"ಈ ಪುಟ್ಟದು ಮಾಮಾ?"

"ಪುಟ್ಟದೇ ಜೋರು."

ಜನ ತಲೆದೂಗಿದರು. ಒಬ್ಬರಿಗೂ ಅನುಮಾನ ಬರಲಿಲ್ಲ. ಇಷ್ಟು ದಿನ ತಾವು ಸಾವಿನ ಬಾಯಿಗೆ ಸೌಟು ಹಾಕುತ್ತಿದ್ದೆವಲ್ಲ ಎಂದು ಕ್ಷೌರಿಕನ ಕಣ್ಣಲ್ಲಿ ನೀರೇ ಬಂತು. "ಹೋದ ಚಳಿಗಾಲ ನನ್ನ ಭುಜ ಹಿಡ್ಕೊಂಡಿತ್ತಲ್ಲ, ಅದೂ ಇದರದ್ದೇ ಇರ್ಬೇಕು," ಎಂದ. ಇನ್ನು ಆ ವಿಷವನ್ನು ಮನೆಗೆ ಒಯ್ಯುವವರು ಯಾರು? "ನೀವೇ ಏನಾದ್ರೂ ಮಾಡಿ, ನಿಮಗೆ ಅಭ್ಯಾಸ," ಎಂದು ಬುಟ್ಟಿಗಳನ್ನು ಅವನ ಹಿತ್ತಲಿನ ಕೋಳಿಗೂಡಿನ ಹಿಂದೆ ಸುರಿದು ಹೋದರು. ವಾರ ಕಳೆಯುವುದರಲ್ಲಿ ಅಲ್ಲಿ ಒಂದು ಗುಡ್ಡ. ಕೋಳಿಗಳು ಮೊಟ್ಟೆ ಇಡುವುದನ್ನೇ ನಿಲ್ಲಿಸಿದವು.

ಗುಡ್ಡದ ಸುದ್ದಿ ಪುರಸಭೆಗೆ ಹೋಯಿತು. ಇನ್‌ಸ್ಪೆಕ್ಟರ್ ಜೆಲಾಲ್ ಬಂದ. ಸಂತೆಯಲ್ಲಿ ತಕ್ಕಡಿ ಪರೀಕ್ಷಿಸುವುದು, ಫುಟ್‌ಪಾತಿನ ಮೇಲೆ ಕುರ್ಚಿ ಹಾಕಿದವರಿಗೆ ಗದರಿಸುವುದು ಅವನ ಕೆಲಸ. ವಿಷ ಅವನಿಗೆ ಹೊಸ ಅನುಭವ, ಹಾಗಾಗಿ ಉತ್ಸಾಹ ಹೆಚ್ಚಿತ್ತು.

"ನಿಯಾಜಿಯಣ್ಣ, ವಿಷ ಸಂಗ್ರಹಿಸೋಕೆ ನಿಮ್ಮ ಹತ್ರ ಪರವಾನಗಿ ಇದೆಯಾ?"

"ನಾನು ಸಂಗ್ರಹಿಸ್ತಿಲ್ಲಪ್ಪ. ಅವರೇ ಸುರಿದು ಹೋಗ್ತಾರೆ. ತಗೊಂಡು ಹೋಗು, ಪುಣ್ಯ ಬರುತ್ತೆ."

"ನಾನು ಮುಟ್ಟೋ ಹಾಗಿಲ್ಲ. ನನಗೆ ತರಬೇತಿ ಆಗಿಲ್ಲ. ನಿಮ್ಮ ಹಾಗೆ ಕಾಡಲ್ಲಿ ಬಿಟ್ಟಿಲ್ಲ ನನ್ನ."

ಜೆಲಾಲ್ ಕೆಂಪು ಬಿಳುಪಿನ ಪಟ್ಟಿ ತೆಗೆದು ಅರ್ಧ ಹಿತ್ತಲಿಗೆ ಸುತ್ತಿದ. ಒಳಗೆ ಯಾರೂ ಹೋಗಕೂಡದು. ಒಳಗೆ ಏನಿತ್ತು? ಅಣಬೆಯ ಗುಡ್ಡ, ಪ್ಲಮ್ ಮರ, ಅದರ ಕೆಳಗೆ ನಿಯಾಜಿಯ ಕುರ್ಚಿ. ಆ ಕುರ್ಚಿಗಾಗಿಯೇ ದುಡಿದ ಮನುಷ್ಯ ಈಗ ಪಟ್ಟಿಯ ಈಚೆ ನಿಂತು, ಮೊಣಕಾಲು ತಿಕ್ಕಿಕೊಳ್ಳುತ್ತ ಅದನ್ನು ನೋಡಿದ.

"ಅಣಬೆ ಬಂದ ದಿನಾನೇ ಕಿತ್ತು ಬಿಸಾಕಿ ಅಂದೆ," ಎಂದಳು ಮೆಲಹತ್. ಹೆಂಡತಿಯರ ಪೈಕಿ ಆ ಮಾತನ್ನು ಬಳಸದೆ ಬಿಟ್ಟವರು ಯಾರಿದ್ದಾರೆ?

ಇನ್ನು ಹವ್ವಾ. ಸಂತೆಯಲ್ಲಿ ಅಣಬೆ ಮಾರುವ ದಪ್ಪ ದನಿಯ ಹೆಂಗಸು. ಶರತ್ಕಾಲದಲ್ಲಿ ಅವಳು ಮಾರುವುದು ಕೆಂಚು ಬಣ್ಣದ ಕನ್ಲಿಜಾ ಅಣಬೆ. ಇಡೀ ಪ್ರಾಂತ್ಯ ಅದನ್ನು ಕೆಂಡದ ಮೇಲೆ ಸುಟ್ಟು ಉಪ್ಪು ಹಾಕಿ ತಿಂದು ಬೆಳೆದಿದೆ. ಅವಳು ತುಂಬಿದ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿಕೊಂಡು ನಿಯಾಜಿಯ ಮನೆಗೆ ಬಂದಳು. ಜಗಳಕ್ಕಲ್ಲ, ಮೊದಲು ಸಂಧಾನಕ್ಕೆ.

"ನೋಡಣ್ಣ, ನೀನು ಊರವರದ್ದಕ್ಕೆಲ್ಲ ವಿಷ ಅಂತಿದ್ದೀಯ. ಬೇಜಾರಿಲ್ಲ. ಅನ್ನು. ಇನ್ನೂ ಜೋರಾಗಿ ಅನ್ನು. ಅವರು ಕಾಡಿಗೆ ಹೋಗೋದು ಬಿಟ್ರೆ ನನ್ನ ಹತ್ರಾನೇ ಬರ್ಬೇಕು. ನನ್ನ ಬುಟ್ಟಿಗೆ ಮಾತ್ರ 'ಇದು ಒಳ್ಳೇದು' ಅಂದುಬಿಡು. ನಿನ್ನ ಮನೆಗೆ ವಾರವಾರ ಒಂದು ಬುಟ್ಟಿ ನನ್ನ ಲೆಕ್ಕದಲ್ಲಿ."

ಅಂದು ಬೆಳಿಗ್ಗೆಯಿಂದ ಎಷ್ಟು ಬುಟ್ಟಿಗಳಿಗೆ ಉತ್ತರ ಹೇಳಿದ್ದನೋ, ನಿಯಾಜಿಯ ಕಿವಿ ಅರ್ಧ ಮುಚ್ಚಿತ್ತು. ಅವಳ ಮಾತಿನಲ್ಲಿ ಅವನಿಗೆ ಕೇಳಿಸಿದ್ದು "ಬುಟ್ಟಿ" ಒಂದೇ. ಅವಳು ಬಟ್ಟೆ ಎತ್ತುವ ಮೊದಲೇ ಅವನ ನಾಲಿಗೆ ತನ್ನ ಪಾಡಿಗೆ ತಾನು ಕೆಲಸ ಮಾಡಿತು.

"ವಿಷ."

ಹವ್ವಾ ಬಟ್ಟೆಯನ್ನು ಹಾಗೇ ಬಿಟ್ಟಳು. "ನೋಡ್ದೇನೇ?"

ಬಾಗಿಲ ಹೊರಗೆ ಸಾಲಿನಲ್ಲಿ ನಿಂತಿದ್ದವರೆಲ್ಲ ಕೇಳಿಸಿಕೊಂಡಿದ್ದರು. "ನೋಡೋದೇ ಬೇಡ ಅವರಿಗೆ, ವಾಸನೇಲೇ ಗೊತ್ತಾಗುತ್ತೆ!" ಎಂದು ಜೆಕಿಯೆ ಹೆಮ್ಮೆಯಿಂದ ಹೇಳಿದಳು. ಆ ವಾರದ ಸಂತೆಯಲ್ಲಿ ಹವ್ವಾಳ ಮುಂದೆ ನೊಣ ಕೂಡ ನಿಲ್ಲಲಿಲ್ಲ.

ಹವ್ವಾ ಅಳುವ ಜಾತಿಯವಳಲ್ಲ. ಅವಳು ನಿಯಾಜಿಯ ಮನೆಯ ಮುಂದೆ ಒಮ್ಮೆ ನಿಧಾನವಾಗಿ ನಡೆದು ಹೋದಳು. ಅಡುಗೆಮನೆಯಿಂದ ಬೆಣ್ಣೆಯಲ್ಲಿ ಈರುಳ್ಳಿ ಹುರಿಯುವ ಪರಿಮಳ ಬರುತ್ತಿತ್ತು. ಮೆಲಹತ್‌ಳ ತಮ್ಮ ರಿಫ್ಕಿ ದಿನಾ ಮಧ್ಯಾಹ್ನ ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದ, ರಾತ್ರಿಯ ಊಟವನ್ನೂ ಮುಗಿಸಿಯೇ ಹೋಗುತ್ತಿದ್ದ. ಹಾಗಾಗಿ ಆ ಒಲೆ ಆರುತ್ತಲೇ ಇರಲಿಲ್ಲ. ಹವ್ವಾ ಮೂಗರಳಿಸಿ, ಎದುರು ಬಂದ ಮೊದಲನೆಯವರಿಗೆ ಒಂದೇ ಒಂದು ಪ್ರಶ್ನೆ ಕೇಳಿದಳು:

"ನಿಮ್ಮ ಅಣಬೆ ಎಲ್ಲ ಅವನ ಹಿತ್ತಲಲ್ಲಿ ಬಿತ್ತು ಸರಿ. ಆ ಮನೇಲಿ ಬೆಣ್ಣೆಗೆ ಏನು ಹಾಕಿ ಹುರೀತಿದ್ದಾರೆ?"

ಅಷ್ಟು ಸಾಕಾಯಿತು. ಸಂಜೆಗೆ, ಊರ ಬಾಯಲ್ಲಿ, ಮೆಲಹತ್ ದಿನಾ ಅಣಬೆ ಹುರಿಯುತ್ತಿದ್ದಳು. ಮರುದಿನ ನಿಯಾಜಿ ಅದನ್ನು ಒಣಗಿಸಿ ಇಸ್ತಾಂಬುಲ್‌ಗೆ ಲಾರಿಯಲ್ಲಿ ಕಳಿಸುತ್ತಿದ್ದ. ಇಡೀ ಊರು ತನ್ನ ಮೂರ್ಖತನಕ್ಕೆ ತಾನೇ ಹಣೆ ಚಚ್ಚಿಕೊಂಡಿತು. ಹಣೆ ನೋಯುವುದು ತಮ್ಮದೇ ಆದ್ದರಿಂದ, ಬೇರೆಯವರದನ್ನು ಚಚ್ಚೋಣವೆಂದು ಶುಕ್ರವಾರದ ನಮಾಜು ಮುಗಿದ ಮೇಲೆ ನಿಯಾಜಿಯ ಮನೆಗೆ ಹೊರಟಿತು.

ನಿಯಾಜಿ ಹಿತ್ತಲಲ್ಲಿ, ಪಟ್ಟಿಯ ಈಚೆ, ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕೂತಿದ್ದ. ಗುಂಪು ಗೇಟು ದೂಡಿಕೊಂಡು ಬಂತು. ಮುಂದೆ ಜೆಕಿಯೆ.

"ಅಣ್ಣ ಅಂತ ಬಾಯ್ತುಂಬ ಕರೀತಿದ್ನಲ್ಲ! ನನ್ನ ಸೊಸೆ ಬೆಟ್ಟ ಹತ್ತಿ ತಂದಿದ್ದನ್ನ ತಿಂದು ತೇಗಿದೆಯಲ್ಲಾ!"

"ಜೆಕಿಯೆ, ಆ ಗುಡ್ಡ ಅಲ್ಲೇ ಇದೆಯಲ್ಲಮ್ಮ. ಮೂಗು ಹಿಡ್ಕೊಂಡು ನೋಡು. ಕೊಳೀತಾ ಇದೆ."

"ಮೇಲಿನದು ಕೊಳೀತಿದೆ. ಕೆಳಗಿನದು?" ಎಂದಳು ಹವ್ವಾ ಹಿಂದಿನಿಂದ.

ಇನ್‌ಸ್ಪೆಕ್ಟರ್ ಜೆಲಾಲ್ ಕೈಯೆತ್ತಿ ಸುಮ್ಮನಿರಿಸಿದ. ಅವನು ಕಾನೂನಿನ ಮನುಷ್ಯ, ಎರಡೂ ಕಡೆ ನೋಡಬೇಕು. "ಇದಕ್ಕೆ ನ್ಯಾಯವಾದ ದಾರಿ ಒಂದಿದೆ," ಎಂದ. "ನಿಯಾಜಿಯಣ್ಣ, ನೀವು ಹೇಳಿದ್ದು ನಿಜವೋ ಸುಳ್ಳೋ?"

"ಏನು ಹೇಳಿದ್ದು?"

"ವಿಷ ಅಂತ."

ನಿಯಾಜಿ ಉಸಿರು ಬಿಟ್ಟ. "ನಿಜ."

"ಹಾಗಾದ್ರೆ ಇಲ್ಲಿಂದ ಒಂದು ತಗೊಂಡು ಎಲ್ಲರೆದುರಿಗೆ ತಿನ್ನಿ. ನೀವು ಹೋಗಿಬಿಟ್ರೆ ನೀವು ಸತ್ಯವಂತರು ಅಂತ ಊರಿಗೇ ಗೊತ್ತಾಗುತ್ತೆ. ಒಬ್ರೂ ನಿಮ್ಮ ಬಗ್ಗೆ ಕೆಟ್ಟ ಮಾತಾಡಲ್ಲ, ಅದಕ್ಕೆ ನಾನು ಜವಾಬ್ದಾರಿ."

"ಹೋಗ್ದೆ ಇದ್ರೆ?"

"ಕೇಸು."

"ಬೀದಿಗೆ ನಿಮ್ಮ ಹೆಸರಿಡೋಣ," ಎಂದ ಕ್ಷೌರಿಕ ಪ್ರೀತಿಯಿಂದ. "ಹೋದ್ರೆ."

ನಿಯಾಜಿ ಗುಂಪನ್ನು ನೋಡಿದ. ಎಲ್ಲ ಪರಿಚಯದ ಮುಖಗಳು. ಇವರೆಲ್ಲರ ಮನೆಯ ಮೀಟರು ಗೋಡೆಯ ಯಾವ ಮೂಲೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ. ಅವನಿಗೆ ಎಷ್ಟು ಸುಸ್ತಾಗಿತ್ತೆಂದರೆ, ಕೊಡಿ ಅತ್ಲಾಗೆ ತಿಂದು ಮಲಗುತ್ತೇನೆ ಎಂದುಬಿಡುವುದರಲ್ಲಿದ್ದ. ಸತ್ತರೆ ಯಾರೂ ಬುಟ್ಟಿ ತರುವುದಿಲ್ಲವಲ್ಲ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆದು ರಿಫ್ಕಿ ಹೊರಬಂದ. ಒಂದು ಕೈಯಲ್ಲಿ ಬ್ರೆಡ್ಡಿನ ತುಂಡು, ಇನ್ನೊಂದರಲ್ಲಿ ಬಾಣಲೆ. ಬ್ರೆಡ್ಡಿನಿಂದ ಬಾಣಲೆಯ ತಳ ಒರೆಸಿ ಬಾಯಿಗಿಟ್ಟುಕೊಂಡು ತೃಪ್ತಿಯಿಂದ ಗುಂಪಿನ ಕಡೆ ನೋಡಿದ.

"ಏನ್ ಭಾವ, ಇಷ್ಟೊಂದು ಜನ? ಯಾರಾದ್ರೂ ಹೋಗ್ಬಿಟ್ರಾ?"

"ಅದರಲ್ಲಿ ಏನಿತ್ತೋ?" ಎಂದ ನಿಯಾಜಿ.

"ಅಣಬೆ. ಪ್ಲಮ್ ಮರದ ಕೆಳಗೆ ಇತ್ತಲ್ಲ ಬಿಳೀದು, ಅದು. ಅಕ್ಕ ಅಂಗಡಿಗೆ ಹೋಗಿದ್ಲು, ನಾನೇ ಬೆಣ್ಣೆ ಹಾಕಿ ಮೊಟ್ಟೆ ಒಡೆದು ಹುರ್ಕೊಂಡೆ."

"ಅದು ವಿಷ ಅಂತ ಹೇಳಿರ್ಲಿಲ್ವೇನೋ!"

"ನೀವು ಎಲ್ಲದಕ್ಕೂ ವಿಷ ಅಂತೀರಲ್ಲ ಭಾವ. ಎಲ್ಲಾನೂ ವಿಷ ಆಗೋಕೆ ಸಾಧ್ಯಾನಾ? ಅಂದ್ರೆ ಯಾವುದೂ ಅಲ್ಲ ಅಂತ ನಾನು ಲೆಕ್ಕ ಹಾಕ್ದೆ."

ಎಲ್ಲರೂ ರಿಫ್ಕಿಯನ್ನೇ ನೋಡಿದರು. ನ್ಯಾಯ ತಾನಾಗಿ ಬಾಣಲೆ ಹಿಡಿದು ನಡೆದು ಬಂದಿತ್ತು. ಇವನು ಸತ್ತರೆ ನಿಯಾಜಿ ಸತ್ಯವಂತ, ಬದುಕಿದರೆ ಕಳ್ಳ. ಜೆಲಾಲ್ ಗಡಿಯಾರ ನೋಡಿಕೊಂಡ.

"ಚೆನ್ನಾಗೇ ಇದ್ದಾನೆ! ನೋಡಿ, ಕೆನ್ನೆ ಕೆಂಪಗಿದೆ!" ಎಂದಳು ಹವ್ವಾ.

"ಆ ಕೆಂಪೇ ಒಳ್ಳೇದಲ್ಲ," ಎಂದಳು ಜೆಕಿಯೆ. ತನ್ನ ಪರಿಣತನನ್ನು ಬಿಟ್ಟುಕೊಡಲು ಅವಳಿಗೆ ಇನ್ನೂ ಮನಸ್ಸಿರಲಿಲ್ಲ. "ರಿಫ್ಕಿ, ಕಣ್ಣು ಮಂಜಾಗ್ತಿದೆಯೇನಪ್ಪಾ?"

"ಇಲ್ಲ."

"ಸರಿಯಾಗಿ ನೋಡು."

ರಿಫ್ಕಿ ಸರಿಯಾಗಿ ನೋಡಿದ. ಸ್ವಲ್ಪ ಮಂಜಾದ ಹಾಗೆಯೇ ಇತ್ತು. "ಕೈ ನಡುಗ್ತಿದೆಯಾ?" ಎಂದು ಕ್ಷೌರಿಕ ಕೇಳಿದ ಮೇಲೆ ಕೈಯೂ ನಡುಗಿತು. ಬಾಣಲೆ ಕೆಳಗೆ ಬಿತ್ತು. ಅದೇ ಹೊತ್ತಿಗೆ ಅಂಗಡಿಯಿಂದ ಬಂದ ಮೆಲಹತ್, ವಿಷಯ ಕಿವಿಗೆ ಬಿದ್ದದ್ದೇ ಚೀಲ ಎಸೆದು ಚೀರಿದಳು. "ರೀ! ಏನ್ರೀ ಆಯ್ತು ನನ್ನ ತಮ್ಮನಿಗೆ? ನಿಂತ್ಕೊಂಡು ನೋಡ್ತೀರಲ್ಲ! ಅದು ಏನು ಅಣಬೆ ಅಂತ ಹೇಳ್ರೀ!"

ಇದುವರೆಗೆ ಆ ಪ್ರಶ್ನೆಯನ್ನು ಎಲ್ಲರೂ ಕೇಳಿದ್ದರು. ನಿಯಾಜಿ ತನ್ನನ್ನು ತಾನು ಕೇಳಿಕೊಂಡದ್ದು ಆಗಲೇ ಮೊದಲ ಸಲ. ಪ್ಲಮ್ ಮರದ ಕೆಳಗೆ ನೋಡಿದ. ಅಲ್ಲಿ ಒಂದೂ ಉಳಿದಿರಲಿಲ್ಲ. ಆ ಟೊಪ್ಪಿಗೆಗಳ ಕೆಳಗೆ ಯಾವ ಬಣ್ಣವಿತ್ತು? ದಿನಾ ಕಾಲ ಬುಡದಲ್ಲೇ ಇದ್ದವು, ಒಂದು ಸಲವೂ ಬಗ್ಗಿ ನೋಡಿರಲಿಲ್ಲ. ಮೊಣಕಾಲು ಮರೆತು ಎದ್ದವನು ರಿಫ್ಕಿಯ ರಟ್ಟೆ ಹಿಡಿದು ಗೇಟಿನ ಕಡೆ ಎಳೆದ.

"ಜೆಲಾಲ್, ಗಾಡಿ ತೆಗಿ!"

ಪುರಸಭೆಯ ಗಾಡಿ ಆಸ್ಪತ್ರೆಗೆ ಓಡಿತು. ಊರು ಹಿಂದೆ ಓಡಿತು. ತೀರ್ಪು ಬರುವುದನ್ನು ಯಾರು ಬಿಟ್ಟಾರು?

ಆಸ್ಪತ್ರೆಯಲ್ಲಿ ಡಾಕ್ಟರ್ ಐಫರ್ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆಳಗಿನಿಂದ ನಿಂತೇ ಇದ್ದವಳ ಹಾಗೆ ಕಾಣುತ್ತಿದ್ದಳು. ನಿಯಾಜಿಗೆ ಅವಳ ಮೇಲೆ ಅಲ್ಲೇ ಅಕ್ಕರೆ ಹುಟ್ಟಿತು. ವಿಷಯ ಕೇಳಿದ್ದೇ ಅವಳು ಅವನತ್ತ ತಿರುಗಿದಳು.

"ನೀವೇ ಅಲ್ವಾ ಆ ಅಣಬೆ ಎಕ್ಸ್‌ಪರ್ಟ್? ಸದ್ಯ, ನೀವೇ ಬಂದ್ರಲ್ಲ. ಇವರು ತಿಂದಿದ್ದು ಯಾವುದು ಹೇಳಿ. ಕೆಲವು ಜಾತಿ ತಿಂದ್ರೆ ಅರ್ಧ ದಿನ ಏನೂ ತೋರ್ಸಲ್ಲ, ಆಮೇಲೆ ನೇರ ಲಿವರಿಗೆ ಹೋಗುತ್ತೆ. ಅಂಥದ್ದಾ? ಅಥವಾ ಭಯ ಇಲ್ದೆ ಇರೋದಾ? ನಿಮ್ಮ ಮಾತಿನ ಮೇಲೆ ನಾನು ಮುಂದಿನದ್ದು ಮಾಡ್ತೀನಿ."

ಬಾಗಿಲಲ್ಲಿ ಜೆಕಿಯೆ, ಹವ್ವಾ, ಜೆಲಾಲ್, ಕ್ಷೌರಿಕ. ಕಿಟಕಿಯ ಗಾಜಿಗೆ ಮೂಗು ಒತ್ತಿದ ಊರು. ಮಂಚದ ಮೇಲೆ ಬೆವರುತ್ತಿರುವ ರಿಫ್ಕಿ, ಅವನ ಕಾಲು ಹಿಡಿದುಕೊಂಡು ಕೂತ ಮೆಲಹತ್. ವಿಷ ಎಂದರೆ ಮಾನ ಉಳಿಯುತ್ತಿತ್ತು. ಒಳ್ಳೆಯದು ಎಂದರೆ ಮೆಲಹತ್ ಅಳು ನಿಲ್ಲಿಸುತ್ತಿದ್ದಳು. ಎರಡೂ ನಾಲಿಗೆಯ ತುದಿಗೆ ಬಂದವು. ಒಂದನ್ನೂ ಹೊರಗೆ ಬಿಡಲು ಅವನಿಗೆ ಧೈರ್ಯವಾಗಲಿಲ್ಲ.

"ಗೊತ್ತಿಲ್ಲ," ಎಂದ.

"ಅಂದ್ರೆ, ಎರಡರಲ್ಲಿ ಯಾವುದು ಅಂತ ಅನುಮಾನಾನಾ?"

"ಅನುಮಾನ ಬರೋದಕ್ಕೂ ಏನಾದ್ರೂ ಗೊತ್ತಿರ್ಬೇಕಲ್ಲಮ್ಮ. ನಂಗೆ ಏನೂ ಗೊತ್ತಿಲ್ಲ. ಯಾವ ಅಣಬೆಯೂ ಗೊತ್ತಿಲ್ಲ. ನಾನು ಮಿಲಿಟರೀಲಿ ಆಲೂಗಡ್ಡೆ ಸಿಪ್ಪೆ ತೆಗೀತಿದ್ದೆ."

"ಆಲೂಗಡ್ಡೆ?" ಎಂದಳು ಜೆಕಿಯೆ. ಹೆಲಿಕಾಪ್ಟರ್ ನೆಲಕ್ಕೆ ಬಿದ್ದ ಸದ್ದು ಆ ಒಂದು ಮಾತಿನಲ್ಲಿತ್ತು.

ಡಾಕ್ಟರ್ ಕೈಗವಸು ಎಳೆದುಕೊಂಡಳು. "ಇದನ್ನ ಹೇಳಿದ್ದು ಒಳ್ಳೇದಾಯ್ತು," ಎಂದಳು. ಆಮೇಲೆ ನರ್ಸಿನ ಕಡೆ ತಿರುಗಿ, "ಕೆಟ್ಟದ್ದೇ ಅಂತ ತಿಳ್ಕೊಂಡು ಶುರು ಮಾಡೋಣ. ಹೊಟ್ಟೆ ತೊಳೀರಿ." ಬಾಣಲೆಗೆ ಅಂಟಿದ ಚೂರನ್ನು ಪ್ರಾಂತ್ಯದ ಪ್ರಯೋಗಾಲಯಕ್ಕೆ ಕಳಿಸಬಹುದು, ಉತ್ತರ ಬರಲು ವಾರವಾಗುತ್ತದೆ ಎಂದೂ ಹೇಳಿದಳು. "ಅಷ್ಟೊತ್ತಿಗೆ ನಮಗೇ ಗೊತ್ತಾಗಿರುತ್ತೆ ಬಿಡಿ," ಎಂದು ಸೇರಿಸಿದ್ದು ಸಮಾಧಾನಕ್ಕೋ ಏನೋ, ಮೆಲಹತ್ ಮತ್ತೆ ಅಳತೊಡಗಿದಳು.

ಊರಿಗೆ ನಿರಾಶೆಯಾಯಿತು. ಸತ್ಯವಂತನಾಗಿದ್ದರೆ ಸನ್ಮಾನ ಮಾಡಬಹುದಿತ್ತು, ಕಳ್ಳನಾಗಿದ್ದರೆ ಹೊಡೆಯಬಹುದಿತ್ತು. ಏನೂ ಗೊತ್ತಿಲ್ಲದವನನ್ನು ಏನು ಮಾಡುವುದು? ಹಾಗೆ ನೋಡಿದರೆ ಅವರೂ ಅದೇ ಪೈಕಿ. ಜೆಲಾಲ್ ಕೇಸು ಯಾವ ಹೆಸರಿನಲ್ಲಿ ಹಾಕಬೇಕೆಂದು ತಿಳಿಯದೆ ಪುಸ್ತಕ ಜೇಬಿಗಿಟ್ಟುಕೊಂಡ. ಜೆಕಿಯೆ ಹೋಗುವ ಮುನ್ನ ಬಾಗಿಲಲ್ಲಿ ನಿಂತು, "ನಮಗೆ ಆಲೂಗಡ್ಡೆ ಬಗ್ಗೆ ಕೇಳ್ಬೇಕು ಅಂತ ಹೊಳೀಲೇ ಇಲ್ಲ ನೋಡಿ," ಎಂದಳು. ಹವ್ವಾ ಮಾತ್ರ ಮನೆಗೆ ಓಡಿ ಬುಟ್ಟಿ ತಂದು ಆಸ್ಪತ್ರೆಯ ಗೇಟಿನಲ್ಲೇ ಕೂತಳು. ಅಷ್ಟು ದಿನ ಬಾಯಿ ಕಟ್ಟಿಕೊಂಡಿದ್ದ ಜನ ಮನೆಗೆ ಹೋಗುತ್ತ ಹೋಗುತ್ತ ಬುಟ್ಟಿ ಖಾಲಿ ಮಾಡಿದರು.

ಮೆಲಹತ್‌ಳನ್ನು ಮನೆಗೆ ಕಳಿಸಿ ನಿಯಾಜಿ ಅಲ್ಲೇ ಉಳಿದ. ರಿಫ್ಕಿ ಉಸಿರಾಡುವುದನ್ನು ನೋಡುತ್ತ ಕೂತ. ಎಷ್ಟು ಊಟ ಹಾಕಿದ್ದೆವು ಇವನಿಗೆ, ಒಂದು ದಿನವೂ ಬೇಡ ಎಂದವನಲ್ಲ. ಮನೆಯಲ್ಲಿ ಇವನ ಲೊಚಲೊಚ ಇಲ್ಲದೆ ಊಟದ ಮೇಜು ಹೇಗಿರುತ್ತದೆ ಎಂದು ಯೋಚಿಸಿದ, ಯೋಚನೆ ಇಷ್ಟವಾಗಲಿಲ್ಲ.

ಬೆಳಗಾದ ಮೇಲೆ ಡಾಕ್ಟರ್ ಐಫರ್ ಬಂದು ರಿಫ್ಕಿಯ ಕಣ್ಣು ಬಿಡಿಸಿ ನೋಡಿ, ಹೊಟ್ಟೆ ಒತ್ತಿ ನೋಡಿ, ರಕ್ತದ ವರದಿ ಓದಿ, "ಇಲ್ಲೀವರೆಗೆ ಏನಿಲ್ಲ. ಇನ್ನೂ ಒಂದೆರಡು ದಿನ ಇರ್ಲಿ," ಎಂದು ಹೋದಳು. ರಿಫ್ಕಿ ಹಾಸಿಗೆಯಲ್ಲಿ ಬಿಳಿಚಿಕೊಂಡು, ಖಾಲಿ ಚೀಲದ ಹಾಗೆ ಮಲಗಿದ್ದ. ಆಮೇಲೆ ನಿಯಾಜಿಯ ತೋಳು ಹಿಡಿದು ಹತ್ತಿರ ಎಳೆದುಕೊಂಡ.

"ಭಾವ, ಡಾಕ್ಟ್ರು ಏನೋ ಹೇಳ್ತಾರೆ. ನೀವು ನಿಜ ಹೇಳಿ. ನಾನು ಬದುಕ್ತೀನಾ?"

ನಿಯಾಜಿ ಅವನ ಹೊದಿಕೆ ಎಳೆದು ಹೊದಿಸಿದ. ಆಮೇಲೆ ಹೇಳಿದ:

"ಗೊತ್ತಿಲ್ಲ ಕಣೋ."

ರಿಫ್ಕಿ ದೀರ್ಘವಾಗಿ ಉಸಿರು ಬಿಟ್ಟ. ಮುಖಕ್ಕೆ ಬಣ್ಣ ಬಂತು.

"ಅಬ್ಬ! ಎಲ್ಲಿ ನನ್ನ ಬಾಯಿ ಮುಚ್ಚಿಸೋಕೆ 'ಬದುಕ್ತೀಯ' ಅಂದುಬಿಡ್ತೀರೋ ಅಂತ ಪ್ರಾಣ ಕೈಲಿ ಹಿಡ್ಕೊಂಡಿದ್ದೆ," ಎಂದ. ಮಗ್ಗುಲಾಗಿ, ದಿಂಬು ಸರಿ ಮಾಡಿಕೊಂಡು, ತಿಂಡಿಗೆ ಏನು ಕೊಡುತ್ತಾರೆ ಕೇಳಿ ಬನ್ನಿ ಎಂದು ಭಾವನನ್ನು ಹೊರಗೆ ಕಳಿಸಿದ.